ಎಷ್ಟು ಆಣೆ ನಿಜ? – ಭರವಸೆಯ ಇಂಗ್ಲಿಷ್ ಮಾತುಗಳ ಒಂದು ಪಾಠ



ಆಣೆಯ ಲೆಕ್ಕ ಹೋಗಿ ನಯಾಪೈಸೆ ಬಂದದ್ದು 1957ರಲ್ಲಿ. ಆದರೂ ನಮ್ಮ ಹಿರಿಯರ ಬಾಯಲ್ಲಿ ಆಣೆ ಇನ್ನೂ ಉಳಿದಿದೆ. ಪೂರ್ತಿ ನಂಬಬಹುದಾದ ಮಾತಿಗೆ "ಹದಿನಾರಾಣೆ ನಿಜ" ಎನ್ನುತ್ತಾರೆ. ಅರ್ಧ ಮಾತ್ರ ನಂಬಬಹುದಾದರೆ "ಎಂಟಾಣೆ ನಿಜ, ಎಂಟಾಣೆ ಗಾಳಿಮಾತು" ಎನ್ನುತ್ತಾರೆ. ಮಾತಿಗೂ ಒಂದು ತೂಕವಿದೆ, ಅದನ್ನು ಅಳೆದು ನಂಬಬೇಕು ಎಂಬ ತಿಳಿವಳಿಕೆ ಇದರಲ್ಲಿದೆ.

ಈಗ ನಮ್ಮ ಹಳ್ಳಿಗಳಿಗೆ ಭರವಸೆ ಕೊಡುವ ಇಂಗ್ಲಿಷ್ ಮಾತುಗಳು ದಿನವೂ ಬರುತ್ತಿವೆ. ಮೊಬೈಲಿನ ಹವಾಮಾನ ವರದಿಯಲ್ಲಿ "ಲೈಕ್ಲಿ" ಎಂದಿರುತ್ತದೆ. ಬೀಜದ ಚೀಲದ ಮೇಲೆ "ಸರ್ಟಿಫೈಡ್" ಎಂದಿರುತ್ತದೆ. ಗೊಬ್ಬರದ ಚೀಲದ ಮೇಲೆ "ಮಿನಿಮಮ್" ಎಂದಿರುತ್ತದೆ. ಅಂಗಡಿಯವರು ಕೊಡುವ ಬಣ್ಣದ ಕಾಗದದಲ್ಲಿ "ಅಪ್ ಟು" ಎಂದಿರುತ್ತದೆ. ಅಂಗಡಿಯವರ ಬಾಯಲ್ಲಂತೂ "ಗ್ಯಾರಂಟಿ" ಇದ್ದೇ ಇರುತ್ತದೆ. ಇವೆಲ್ಲವೂ "ನನ್ನನ್ನು ನಂಬು" ಎಂದೇ ಹೇಳುತ್ತವೆ. ಆದರೆ ಒಂದೊಂದರ ಹಿಂದೆಯೂ ಇರುವ ಭರವಸೆ ಎಷ್ಟು ಆಣೆ ಎಂಬುದು ಬೇರೆ ಬೇರೆ. ಅದನ್ನು ತಿಳಿಯುವುದೇ ಈ ಪಾಠದ ಉದ್ದೇಶ.

ನಾನು ಮಾಡಿದ ತಪ್ಪು

ಪಾಠ ಹೇಳುವ ಮುಂಚೆ ನಾನು ಮಾಡಿದ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಕಳೆದ ವರ್ಷ ಮುಂಗಾರಿನ ಮೊದಲ ಮಳೆ ಬಿದ್ದಿತ್ತು. ನನ್ನ ವೃತ್ತದ ಒಂದು ಹಳ್ಳಿಯ ಹಿರಿಯ ರೈತರು, ನಾವೆಲ್ಲ ಯಜಮಾನರೆಂದು ಕರೆಯುವವರು, ಕಡಲೆಕಾಯಿ ಬಿತ್ತಲು ಸಿದ್ಧರಾಗಿದ್ದರು. ಹೊಲದಲ್ಲಿ ನಾಲ್ಕು ಬೆರಳು ಮಾತ್ರ ಹಸಿ ಇತ್ತು. "ಇನ್ನೊಂದು ಮಳೆ ಬಂದರೆ ಹದ ಸರಿಹೋಗುತ್ತದೆ. ನಿಮ್ಮ ಫೋನು ಏನು ಹೇಳುತ್ತದೆ ಸ್ವಾಮೀ?" ಎಂದು ನನ್ನನ್ನು ಕೇಳಿದರು.

ನಾನು ವರದಿಯನ್ನು ತೆಗೆದು ನೋಡಿದೆ. ಅದರಲ್ಲಿ ಹೀಗಿತ್ತು: "ಲೈಟ್ ಟು ಮಾಡರೇಟ್ ರೇನ್ ವೆರಿ ಲೈಕ್ಲಿ ಅಟ್ ಐಸೊಲೇಟೆಡ್ ಪ್ಲೇಸಸ್." ನನ್ನ ಕಣ್ಣು "ವೆರಿ ಲೈಕ್ಲಿ" ಎಂಬಲ್ಲಿಗೆ ನಿಂತಿತು. "ನಾಳೆಯೊಳಗೆ ಮಳೆ ಬರುತ್ತದೆ, ಬಿತ್ತಿರಿ ಯಜಮಾನರೇ" ಎಂದುಬಿಟ್ಟೆ.

ಅವರು ಎರಡು ಎಕರೆ ಬಿತ್ತಿದರು. ಮಳೆ ಬಂದಿತು. ಆದರೆ ಅದು ಬಿದ್ದದ್ದು ಕೆರೆಯಾಚೆಯ ಊರಿನಲ್ಲಿ. ನಮ್ಮ ಕಡೆ ಹನ್ನೊಂದು ದಿನ ಬಿಸಿಲು ಕಾಯಿತು. ನಾಲ್ಕು ಬೆರಳು ಹಸಿಯಲ್ಲಿ ಮೊಳೆತ ಕಾಳು ಅಲ್ಲೇ ಒಣಗಿತು. ಮುಕ್ಕಾಲು ಹೊಲವನ್ನು ಮತ್ತೆ ಬಿತ್ತಬೇಕಾಯಿತು. ಆ ಬೀಜ ಮನೆಯ ಅಮ್ಮನವರು ಡೇರಿಗೆ ಹಾಲು ಹಾಕಿ ಕೂಡಿಸಿದ್ದ ಹಣದಿಂದ ತಂದದ್ದೆಂದು ನನಗೆ ಆಮೇಲೆ ತಿಳಿಯಿತು.

ಯಜಮಾನರು ನನ್ನನ್ನು ಬೈಯಲಿಲ್ಲ. ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟು, ಒಂದೇ ಮಾತು ಕೇಳಿದರು: "ಸ್ವಾಮೀ, ಆ ಇಂಗ್ಲಿಷಿನಲ್ಲಿ 'ಮಳೆ ಬರುತ್ತದೆ' ಅಂತಿತ್ತೋ, 'ಬಂದೀತು' ಅಂತಿತ್ತೋ?"

ನನಗೆ ಉತ್ತರ ಹೊಳೆಯಲಿಲ್ಲ. ವರದಿಯಲ್ಲಿ ತಪ್ಪಿರಲಿಲ್ಲ. ಅದರಲ್ಲಿದ್ದ ಎಂಟು ಹತ್ತು ಮಾತುಗಳಲ್ಲಿ ಎರಡನ್ನು ಮಾತ್ರ ನಾನು ಓದಿ ಹೇಳಿದ್ದೆ. ಓದಿದ ಆ ಎರಡರ ಅಳತೆಯೂ ನನಗೆ ಗೊತ್ತಿರಲಿಲ್ಲ.

ನಮ್ಮ ಭಾಷೆಯಲ್ಲೇ ಮೆಟ್ಟಿಲುಗಳಿವೆ

ಯಜಮಾನರ ಪ್ರಶ್ನೆಯನ್ನು ಸ್ವಲ್ಪ ವಿಚಾರ ಮಾಡಿ ನೋಡಿ. ಭರವಸೆಯನ್ನು ಅಳೆಯುವ ಮೆಟ್ಟಿಲುಗಳು ನಮ್ಮ ಕನ್ನಡದಲ್ಲಿ ಮೊದಲಿನಿಂದಲೂ ಇವೆ.

"ಮಳೆ ಬಂದೇ ಬರುತ್ತದೆ" ಎಂದರೆ ಹೇಳುವವನಿಗೆ ಸಂಶಯವೇ ಇಲ್ಲ.
"ಮಳೆ ಬರುತ್ತದೆ" ಎಂದರೆ ಅವನಿಗೆ ನಂಬಿಕೆ ಇದೆ.
"ಮಳೆ ಬರಬಹುದು" ಎಂದರೆ ಬರಲೂಬಹುದು, ಬಾರದಿರಲೂಬಹುದು.
"ಮಳೆ ಬಂದೀತು" ಎಂದರೆ ಇನ್ನೂ ಒಂದು ಮೆಟ್ಟಿಲು ಕೆಳಗೆ.
"ಮಳೆ ಬರುತ್ತದಂತೆ" ಎಂದರೆ ಅದು ಅವನ ಮಾತೇ ಅಲ್ಲ. ಬೇರೆ ಯಾರಿಂದಲೋ ಕೇಳಿದ್ದು.

ಹೊಲದಲ್ಲಿ ದುಡಿಯುವ ಯಾರಿಗೂ ಈ ಐದರ ಭೇದವನ್ನು ಕಲಿಸಬೇಕಾಗಿಲ್ಲ. ಇಂಗ್ಲಿಷಿನಲ್ಲಿಯೂ ಇಂಥ ಮೆಟ್ಟಿಲುಗಳಿವೆ. ಇಂಗ್ಲಿಷ್ ಮಾತು ಬಂದಾಗ ಅದು ಯಾವ ಮೆಟ್ಟಿಲಿನದು ಎಂದು ನಾವು ಕೇಳಬೇಕು. ಕೇಳದೆ ಎಲ್ಲವನ್ನೂ "ಬರುತ್ತದೆ" ಎಂದೇ ತಿಳಿದರೆ ನಷ್ಟ ನಮ್ಮದು.

ಹವಾಮಾನ ವರದಿಯ ಮಾತುಗಳು

ಭಾರತ ಹವಾಮಾನ ಇಲಾಖೆ ತನ್ನ ವರದಿಯಲ್ಲಿ ಬಳಸುವ ಪ್ರತಿಯೊಂದು ಮಾತಿಗೂ ಅಳತೆಯನ್ನು ಗೊತ್ತುಮಾಡಿದೆ. ಅದನ್ನು ಶೇಕಡಾ ಲೆಕ್ಕದಲ್ಲಿ ಕೊಡುತ್ತದೆ. ನಮಗೆ ಆಣೆಯ ಲೆಕ್ಕ ಚೆನ್ನಾಗಿ ಒಗ್ಗುವುದರಿಂದ ಎರಡನ್ನೂ ಕೊಡುತ್ತೇನೆ.

ಮೊದಲನೆಯದು, ಮಳೆ ಬರುವ ಸಾಧ್ಯತೆ ಎಷ್ಟು ಎಂಬುದು:

"ಅನ್‌ಲೈಕ್ಲಿ" – ಶೇಕಡಾ 25ಕ್ಕಿಂತ ಕಡಿಮೆ. ನಾಲ್ಕಾಣೆಯ ಒಳಗೆ.
"ಲೈಕ್ಲಿ" – ಶೇಕಡಾ 25ರಿಂದ 50. ನಾಲ್ಕಾಣೆಯಿಂದ ಎಂಟಾಣೆ.
"ವೆರಿ ಲೈಕ್ಲಿ" – ಶೇಕಡಾ 50ರಿಂದ 75. ಎಂಟಾಣೆಯಿಂದ ಹನ್ನೆರಡಾಣೆ.
"ಮೋಸ್ಟ್ ಲೈಕ್ಲಿ" – ಶೇಕಡಾ 75ಕ್ಕಿಂತ ಹೆಚ್ಚು. ಹನ್ನೆರಡಾಣೆಗೆ ಮೇಲೆ.

ಎರಡನೆಯದು, ಆ ಪ್ರದೇಶದ ಮಳೆಮಾಪನ ಕೇಂದ್ರಗಳ ಪೈಕಿ ಎಷ್ಟು ಕಡೆ ಮಳೆ ಬಿದ್ದೀತು ಎಂಬುದು:

"ಐಸೊಲೇಟೆಡ್ ಪ್ಲೇಸಸ್" – ಶೇಕಡಾ 25 ಅಥವಾ ಅದಕ್ಕೂ ಕಡಿಮೆ ಕಡೆ. ಅಂದರೆ ಅಲ್ಲೊಂದು ಇಲ್ಲೊಂದು ಕಡೆ.
"ಎ ಫ್ಯೂ ಪ್ಲೇಸಸ್" ಅಥವಾ "ಸ್ಕ್ಯಾಟರ್ಡ್" – ಶೇಕಡಾ 26ರಿಂದ 50 ಕಡೆ.
"ಮೆನಿ ಪ್ಲೇಸಸ್" ಅಥವಾ "ಫೇರ್ಲಿ ವೈಡ್‌ಸ್ಪ್ರೆಡ್" – ಶೇಕಡಾ 51ರಿಂದ 75 ಕಡೆ.
"ಮೋಸ್ಟ್ ಪ್ಲೇಸಸ್" ಅಥವಾ "ವೈಡ್‌ಸ್ಪ್ರೆಡ್" – ಶೇಕಡಾ 76ಕ್ಕೆ ಮೇಲ್ಪಟ್ಟು. ಅಂದರೆ ಬಹುತೇಕ ಎಲ್ಲ ಕಡೆ.

ಮೂರನೆಯದು, 24 ಗಂಟೆಯಲ್ಲಿ ಎಷ್ಟು ಮಳೆ ಎಂಬುದು. "ಲೈಟ್" ಎಂದರೆ 2.5ರಿಂದ 15.5 ಮಿಲಿಮೀಟರು. "ಮಾಡರೇಟ್" ಎಂದರೆ 15.6ರಿಂದ 64.4 ಮಿಲಿಮೀಟರು. "ಹೆವಿ" ಎಂದರೆ 64.5ರಿಂದ 115.5 ಮಿಲಿಮೀಟರು. ಅದಕ್ಕೆ ಮೇಲಾದರೆ "ವೆರಿ ಹೆವಿ", 204.4 ದಾಟಿದರೆ "ಎಕ್ಸ್‌ಟ್ರೀಮ್ಲಿ ಹೆವಿ".

ಈ ಮೂರನ್ನೂ ಕೂಡಿಸಿಯೇ ಓದತಕ್ಕದ್ದು. ನಾನು ಓದಿದ ವರದಿಯನ್ನೇ ಈಗ ಸರಿಯಾಗಿ ಓದೋಣ. "ವೆರಿ ಲೈಕ್ಲಿ" ಎಂದರೆ ಹೆಚ್ಚೆಂದರೆ ಹನ್ನೆರಡಾಣೆ. "ಐಸೊಲೇಟೆಡ್" ಎಂದರೆ ಆ ಮಳೆ ಬಂದರೂ ನಾಲ್ಕರಲ್ಲಿ ಒಂದು ಪಾಲು ಜಾಗಕ್ಕೆ ಮಾತ್ರ, ಅದಕ್ಕಿಂತ ಕಡಿಮೆಯೂ ಇರಬಹುದು. ಹೋಬಳಿಯಲ್ಲಿ 40 ಹಳ್ಳಿಗಳಿವೆ ಎಂದು ಇಟ್ಟುಕೊಂಡರೆ ಹತ್ತು ಹಳ್ಳಿಗೆ ಮಳೆ, ಮೂವತ್ತು ಹಳ್ಳಿಗೆ ಬರೀ ಮೋಡ. ಎರಡನ್ನೂ ಸೇರಿಸಿದರೆ ನಮ್ಮ ಒಂದು ಹಳ್ಳಿಯ ಪಾಲಿಗೆ ಉಳಿಯುವ ಭರವಸೆ ರೂಪಾಯಿಗೆ ನಾಲ್ಕಾಣೆಯೂ ಇಲ್ಲ. ಅದರ ಮೇಲೆ "ಲೈಟ್" ಎಂಬ ಮಾತೂ ಇತ್ತು. ಮೂರು ಮಿಲಿಮೀಟರು ಬಿದ್ದರೂ ವರದಿ ನಿಜವೇ ಆಗುತ್ತಿತ್ತು. ಆದರೆ ಕಡಲೆಕಾಯಿಗೆ ಅದು ಯಾವ ಮೂಲೆಗೆ ಸಾಕು?

ಒಂದೇ ಮಾತು, ಎರಡು ಸೇರು

ಹಿಂದೆ ಸಂತೆಯಲ್ಲಿ "ಒಂದು ಸೇರು" ಎಂದವನನ್ನು "ಪಕ್ಕಾ ಸೇರೋ, ಕಚ್ಚಾ ಸೇರೋ?" ಎಂದು ಕೇಳುತ್ತಿದ್ದರು. ಇಂಗ್ಲಿಷ್ ಮಾತುಗಳಿಗೂ ಈ ಪ್ರಶ್ನೆ ಸಲ್ಲುತ್ತದೆ.

ನಮ್ಮ ಹವಾಮಾನ ಇಲಾಖೆಯ "ಲೈಕ್ಲಿ" ಎಂಟಾಣೆಯನ್ನು ದಾಟುವುದಿಲ್ಲ ಎಂದು ಮೇಲೆ ಕಂಡೆವು. 1988ರಲ್ಲಿ ಸ್ಥಾಪನೆಯಾದ ಐಪಿಸಿಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯೊಂದಿದೆ. ಭೂಮಿಯ ಬಿಸಿ ಏರುತ್ತಿರುವುದನ್ನು ಕುರಿತು ಅದು ವರದಿಗಳನ್ನು ಹೊರಡಿಸುತ್ತದೆ. ಅದರ ವರದಿಯಲ್ಲಿ "ಲೈಕ್ಲಿ" ಎಂದರೆ ಶೇಕಡಾ 66ಕ್ಕೆ ಮೇಲೆ, "ವೆರಿ ಲೈಕ್ಲಿ" ಎಂದರೆ ಶೇಕಡಾ 90ಕ್ಕೆ ಮೇಲೆ, "ವರ್ಚುಅಲಿ ಸರ್ಟನ್" ಎಂದರೆ ಶೇಕಡಾ 99ಕ್ಕೆ ಮೇಲೆ. ಮಾತು ಒಂದೇ ಆದರೂ ಅಳತೆ ಬೇರೆ. ಶಾಲೆಯಲ್ಲಿ ಇಂಗ್ಲಿಷ್ ಕಲಿತ ಮಕ್ಕಳು "ಲೈಕ್ಲಿ ಎಂದರೆ ಬರುವುದೇ ಹೆಚ್ಚು" ಎಂದು ಹೇಳಿದರೆ ಅವರದು ತಪ್ಪಲ್ಲ. ಬೇರೆ ಕಡೆ ಆ ಅರ್ಥ ನಡೆಯುತ್ತದೆ. ಆದುದರಿಂದ ಮಾತನ್ನು ಕೇಳಿದೊಡನೆ "ಇದು ಯಾರ ಸೇರು?" ಎಂದು ಕೇಳುವ ಅಭ್ಯಾಸವಿರಲಿ.

ಎಷ್ಟಾದರೆ ಸಾಕು?

ಇದು ಈ ಪಾಠದ ಮುಖ್ಯ ಭಾಗ. ಭರವಸೆ ಎಷ್ಟಾಣೆ ಎಂದು ತಿಳಿದ ಮೇಲೆ ಅದು ಸಾಕೋ ಸಾಲದೋ ಎಂದು ತೀರ್ಮಾನಿಸುವುದು ಹೇಗೆ? ಅದು ವರದಿಯಲ್ಲಿ ಬರೆದಿರುವುದಿಲ್ಲ. ಅದನ್ನು ತೀರ್ಮಾನಿಸುವವರು ನೀವೇ. ಮಾತು ಸುಳ್ಳಾದರೆ ನೀವು ಕಳೆದುಕೊಳ್ಳುವುದೆಷ್ಟು ಎಂಬುದರ ಮೇಲೆ ಅದು ನಿಂತಿದೆ.

ಸುಗ್ಗಿಯ ಕಾಲದಲ್ಲಿ ಕಣದಲ್ಲಿ ರಾಗಿ ಹರಡಿದೆ ಎಂದಿಟ್ಟುಕೊಳ್ಳಿ. ವರದಿ "ಲೈಕ್ಲಿ" ಎನ್ನುತ್ತದೆ, ಐದಾರಾಣೆಯ ಮಾತು. ಟಾರ್ಪಾಲು ಹೊದಿಸಲು ಅಷ್ಟು ಸಾಕು. ಮಳೆ ಬಾರದಿದ್ದರೆ ನಷ್ಟವಾಗುವುದು ಅರ್ಧ ಗಂಟೆಯ ದುಡಿಮೆ ಮಾತ್ರ. ಹೊದಿಸದೆ ಮಳೆ ಬಂದರೆ ವರ್ಷದ ಅನ್ನವೇ ನೆನೆಯುತ್ತದೆ.

ಮುಂಗಾರಿನಲ್ಲಿ ಹೊಲ ಅರೆಹಸಿಯಾಗಿದೆ ಎಂದಿಟ್ಟುಕೊಳ್ಳಿ. ವರದಿ ಅದೇ "ಲೈಕ್ಲಿ" ಎನ್ನುತ್ತದೆ. ಕಡಲೆಕಾಯಿ ಬಿತ್ತಲು ಅಷ್ಟು ಸಾಲದು. ಮಳೆ ಬಾರದಿದ್ದರೆ ಬೀಜದ ಹಣವೆಲ್ಲ ಹೋಗುತ್ತದೆ. ಎರಡು ದಿನ ಕಾದರೆ ಹೋಗುವುದು ಎರಡು ದಿನ ಮಾತ್ರ. ಇಂಥ ಕಡೆ ಮೊಬೈಲಿಗಿಂತ ಗುದ್ದಲಿಯೇ ದೊಡ್ಡ ಸಾಕ್ಷಿ. ಒಂದು ಗೇಣು ಅಗೆದು ಮಣ್ಣನ್ನು ಮುಷ್ಟಿ ಹಿಡಿದು ನೋಡಿ. ಹಸಿ ಅಷ್ಟು ಆಳಕ್ಕೆ ಇಳಿದಿದ್ದರೆ ಬಿತ್ತಿರಿ. ಇಳಿಯದಿದ್ದರೆ ಕಾಯಿರಿ.

ಹಾಗೆಯೇ ಔಷಧಿ ಸಿಂಪಡಿಸುವ ದಿನ ಅಥವಾ ಯೂರಿಯಾ ಮೇಲುಗೊಬ್ಬರ ಹಾಕುವ ದಿನ ಜೋರು ಮಳೆ ಬರುವುದು ಆರಾಣೆಯ ಮಾತಾದರೂ ಕೆಲಸವನ್ನು ಮುಂದೂಡುವುದು ಜಾಣತನ. ಹಾಕಿದ್ದು ತೊಳೆದುಹೋದರೆ ಮತ್ತೆ ಹಣ ಕೊಟ್ಟು ತರಬೇಕು.

ನಷ್ಟ ದೊಡ್ಡದಿದ್ದರೆ ದೊಡ್ಡ ಭರವಸೆ ಬೇಕು. ನಷ್ಟ ಚಿಕ್ಕದಿದ್ದರೆ ಚಿಕ್ಕ ಭರವಸೆಯೇ ಸಾಕು. ಇದನ್ನು ನೆನಪಿನಲ್ಲಿಟ್ಟರೆ ಪಾಠದ ಅರ್ಧ ಮುಗಿಯಿತು.

ಬೀಜದ ಚೀಲದ ಮಾತುಗಳು

ಬೀಜದ ಚೀಲದ ಮೇಲಿನ ಮಾತುಗಳಿಗೆ 1966ರ ಬೀಜ ಕಾಯಿದೆ ಮತ್ತು 1968ರ ಬೀಜ ನಿಯಮಗಳು ಆಧಾರ. ಮುಖ್ಯವಾದ ನಾಲ್ಕನ್ನು ತಿಳಿದಿರಿ.

1. "ಸರ್ಟಿಫೈಡ್ ಸೀಡ್", ಅಂದರೆ ಪ್ರಮಾಣಿತ ಬೀಜ. ಬೀಜ ಬೆಳೆದವರಲ್ಲದೆ ಮೂರನೆಯವರಾದ ಪ್ರಮಾಣನ ಸಂಸ್ಥೆಯವರು ಹೊಲಕ್ಕೆ ಬಂದು ಬೆಳೆಯನ್ನು ನೋಡಿ, ಪ್ರಯೋಗಾಲಯದಲ್ಲಿ ಬೀಜವನ್ನು ಪರೀಕ್ಷಿಸಿ ಒಪ್ಪಿದ್ದಾರೆ ಎಂದರ್ಥ. ಇದಕ್ಕೆ ನೀಲಿ ಚೀಟಿ ಇರುತ್ತದೆ. ಜೊತೆಗೆ ಉತ್ಪಾದಕರ ಹಸಿರು ಚೀಟಿಯೂ ಇರುತ್ತದೆ.

2. "ಟ್ರುತ್‌ಫುಲ್ ಲೇಬಲ್". ಇದಕ್ಕೆ ಹಸಿರು ಚೀಟಿ ಮಾತ್ರ. ಮಾತಿನ ಅರ್ಥ "ಸತ್ಯವಾದ ಚೀಟಿ" ಎಂದು. ಹೆಸರು ಕೇಳಿ ಇದೇ ಎಲ್ಲಕ್ಕಿಂತ ಮೇಲಿನದೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಇಲ್ಲಿ ಮಾತು ಕೊಟ್ಟವರು ಬೀಜ ಮಾರುವ ಉತ್ಪಾದಕರೇ. ಮೂರನೆಯವರ ಸಾಕ್ಷಿ ಇಲ್ಲ. ಹಾಗೆಂದು ಇದು ಕಳಪೆ ಎಂದಲ್ಲ. ಒಳ್ಳೆಯ ಬೀಜಗಳು ಎಷ್ಟೋ ಈ ಚೀಟಿಯಲ್ಲಿಯೇ ಬರುತ್ತವೆ. ಚೀಟಿಯಲ್ಲಿ ಬರೆದದ್ದು ನಿಜವಾಗಿರಲೇಬೇಕೆಂದು ಕಾಯಿದೆಯೂ ಹೇಳುತ್ತದೆ. ಸಾಕ್ಷಿ ಯಾರು ಎಂಬ ಭೇದವನ್ನು ತಿಳಿದು ಕೊಳ್ಳಿ ಎಂಬುದಷ್ಟೇ ನನ್ನ ಮಾತು.

3. "ಜರ್ಮಿನೇಷನ್ ಮಿನಿಮಮ್", ಅಂದರೆ ಮೊಳಕೆ ಕನಿಷ್ಠ ಇಷ್ಟು. ಪ್ರಮಾಣಿತ ಬೀಜಕ್ಕೆ ಇರಬೇಕಾದ ಕನಿಷ್ಠ ಮೊಳಕೆ ಭತ್ತಕ್ಕೆ ಶೇಕಡಾ 80, ರಾಗಿ, ಜೋಳ, ತೊಗರಿಗೆ 75, ಕಡಲೆಗೆ 85, ಕಡಲೆಕಾಯಿಗೆ 70. ಕಡಲೆಕಾಯಿಯ ನೂರು ಕಾಳು ಬಿತ್ತಿ ನೂರು ಗಿಡವನ್ನು ನಿರೀಕ್ಷಿಸುವವರು ಚೀಟಿಯನ್ನು ಓದಿಲ್ಲವೆಂದಾಯಿತು. ಈ ಅಂಕಿ ಪ್ರಯೋಗಾಲಯದ ಹದವಾದ ತೇವದಲ್ಲಿ ಬಂದದ್ದು. ಹೊಲದಲ್ಲಿ ಇನ್ನೂ ಕಡಿಮೆಯಾಗಬಹುದು.

4. "ವ್ಯಾಲಿಡ್ ಅಪ್ ಟು", ಅಂದರೆ ಇಂಥ ದಿನದವರೆಗೆ ಮಾತ್ರ ಈ ಮಾತು ಸಲ್ಲುತ್ತದೆ. ಪ್ರಮಾಣಿತ ಬೀಜದ ಅವಧಿ ಪರೀಕ್ಷೆಯ ದಿನದಿಂದ 9 ತಿಂಗಳು. ಮತ್ತೆ ಪರೀಕ್ಷಿಸಿ ಸರಿಯಿದ್ದರೆ 6 ತಿಂಗಳು ವಿಸ್ತರಿಸುತ್ತಾರೆ. ದಿನ ಕಳೆದ ಚೀಟಿ ಅವಧಿ ಮುಗಿದ ಬಸ್ ಪಾಸಿನಂತೆ.

ಚೀಟಿ ಹೇಳಿದ್ದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಚೀಲದ ಮೇಲೆ, ನಡುವೆ, ಕೆಳಗೆ ಮೂರು ಕಡೆಯಿಂದ ಬೀಜ ತೆಗೆದು ಬೆರೆಸಿ, ಆರಿಸದೆ 100 ಕಾಳು ಎಣಿಸಿ. ಒದ್ದೆ ಗೋಣಿತಾಟಿನ ಮೇಲೆ ಸಾಲಾಗಿ ಇಟ್ಟು ಸುತ್ತಿ ನೆರಳಿನಲ್ಲಿಡಿ. ಒಣಗಲು ಬಿಡಬೇಡಿ. ಮೆಕ್ಕೆಜೋಳವನ್ನು 7ನೆಯ ದಿನ, ರಾಗಿಯನ್ನು 8ನೆಯ ದಿನ, ಕಡಲೆಕಾಯಿಯನ್ನು 10ನೆಯ ದಿನ, ಭತ್ತವನ್ನು 14ನೆಯ ದಿನ ಬಿಚ್ಚಿ, ನೆಟ್ಟಗೆ ಮೊಳೆತವನ್ನು ಎಣಿಸಿ. ಶೇಕಡಾ 90 ಮೊಳೆಯುವ ಬೀಜ 5 ಕಿಲೊ ಬೇಕಾದ ಕಡೆ, ಶೇಕಡಾ 75 ಮೊಳೆಯುವ ಬೀಜ 6 ಕಿಲೊ ಬೇಕು. ಚೀಟಿಯಲ್ಲಿ ಬರೆದದ್ದಕ್ಕಿಂತ ಬಹಳ ಕಡಿಮೆ ಬಂದರೆ ಬಿತ್ತಬೇಡಿ. ಚೀಲ, ಚೀಟಿ, ರಸೀದಿಗಳನ್ನು ತೆಗೆದುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ತೋರಿಸಿ.

"ಮಿನಿಮಮ್", "ಮ್ಯಾಕ್ಸಿಮಮ್" ಮತ್ತು "ಅಪ್ ಟು"

"ಮಿನಿಮಮ್" ಎಂದರೆ ನೆಲ. ಅದರ ಕೆಳಗೆ ಇಳಿಯುವಂತಿಲ್ಲ. "ಮ್ಯಾಕ್ಸಿಮಮ್" ಎಂದರೆ ಸೂರು. ಅದನ್ನು ದಾಟುವಂತಿಲ್ಲ.

ಬೇವು ಲೇಪಿತ ಯೂರಿಯಾ ಚೀಲವನ್ನು ನೋಡಿ. ಸಾರಜನಕ "ಮಿನಿಮಮ್" ಶೇಕಡಾ 46, ತೇವಾಂಶ "ಮ್ಯಾಕ್ಸಿಮಮ್" ಶೇಕಡಾ 1, ಬೈಯುರೆಟ್ "ಮ್ಯಾಕ್ಸಿಮಮ್" ಶೇಕಡಾ 1.5. ನಮಗೆ ಬೇಕಾದ ಸಾರಜನಕಕ್ಕೆ ನೆಲವನ್ನು ಹಾಕಿದ್ದಾರೆ. ನಮಗೆ ಬೇಡವಾದ ನೀರಿಗೂ, ಹೆಚ್ಚಾದರೆ ಬೆಳೆಯನ್ನು ಸುಡುವ ಬೈಯುರೆಟ್‌ಗೂ ಸೂರನ್ನು ಹಾಕಿದ್ದಾರೆ. 45 ಕಿಲೊ ಚೀಲದಲ್ಲಿ ಕನಿಷ್ಠ 20.7 ಕಿಲೊ ಸಾರಜನಕ ಇರಲೇಬೇಕು. ಇದು ಕಾಯಿದೆ ಹಿಡಿದು ಕೇಳಬಹುದಾದ ಭರವಸೆ.

ಇನ್ನು ಅಂಗಡಿಯವರು ಕೊಡುವ ಬಣ್ಣದ ಕಾಗದವನ್ನು ನೋಡಿ. "ಯೀಲ್ಡ್ ಅಪ್ ಟು 30 ಕ್ವಿಂಟಲ್ಸ್" ಎಂದಿರುತ್ತದೆ. ನಮ್ಮವರು ಅದನ್ನು "30 ಕ್ವಿಂಟಾಲ್ ಬರುತ್ತದೆ" ಎಂದು ಓದುತ್ತಾರೆ. "ಅಪ್ ಟು" ಎಂದರೆ "ಅಲ್ಲಿಯವರೆಗೆ". ಇದು ನೆಲವಲ್ಲ, ಸೂರು. 12 ಕ್ವಿಂಟಾಲ್ ಬಂದರೂ ಆ ಕಾಗದ ಸುಳ್ಳಾಗುವುದಿಲ್ಲ. "ಪೊಟೆನ್ಷಿಯಲ್ ಯೀಲ್ಡ್" ಎಂಬುದೂ ಅಂಥದೇ. ಎಲ್ಲವೂ ಅನುಕೂಲವಾಗಿದ್ದರೆ ಬರಬಹುದಾದ ಇಳುವರಿ ಅದು. "ಆವರೇಜ್ ಯೀಲ್ಡ್" ಎಂದಿದ್ದರೆ ಸರಾಸರಿ. ಆಗ "ಎಷ್ಟು ಹೊಲಗಳ ಸರಾಸರಿ? ನೀರಾವರಿಯೋ, ಮಳೆಯಾಶ್ರಿತವೋ?" ಎಂದು ಕೇಳಿರಿ. ಮಗಳ ಮದುವೆಯ ಸಾಲವನ್ನು "ಅಪ್ ಟು" ಎಂಬ ಮಾತನ್ನು ನಂಬಿ ಮಾಡಬೇಡಿ.

"ಗ್ಯಾರಂಟಿ" ಎಂಬ ಮಾತು

ಭರವಸೆಯ ಮಾತುಗಳಲ್ಲಿ ಹೆಚ್ಚು ಸವೆದದ್ದು ಇದೇ. ಬಾಯಿಮಾತಿನ "ಗ್ಯಾರಂಟಿ"ಗೆ ಅಂಗಡಿ ಬಾಗಿಲು ದಾಟಿದ ಮೇಲೆ ಬೆಲೆಯಿಲ್ಲ. "ಏನಕ್ಕೆ ಗ್ಯಾರಂಟಿ? ಎಷ್ಟು ದಿನಕ್ಕೆ? ತಪ್ಪಿದರೆ ಏನು ಕೊಡುತ್ತೀರಿ? ರಸೀದಿಯ ಮೇಲೆ ಬರೆದುಕೊಡಿ" ಎಂದು ಕೇಳಿರಿ. ಬರೆಯಲು ಒಪ್ಪಿದರೆ ಅದು ಗ್ಯಾರಂಟಿ. ಒಪ್ಪದಿದ್ದರೆ ಅದು ನಮ್ಮ "ಬಂದೀತು" ಎಂಬ ಮಾತಿಗಿಂತ ಹೆಚ್ಚಿನದಲ್ಲ.

ರಸೀದಿಯನ್ನು ಕಡ್ಡಾಯವಾಗಿ ಪಡೆಯಿರಿ. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟು 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಮೊಕದ್ದಮೆಯೊಂದರಲ್ಲಿ ತೀರ್ಪು ಕೊಟ್ಟಿದೆ. ಆದುದರಿಂದ ಬೀಜದ ದೋಷದಿಂದ ನಷ್ಟವಾದವರು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು.

ನಾವೂ ಅಳೆದು ಮಾತಾಡೋಣ

ಇತರರ ಮಾತನ್ನು ಅಳೆಯುವ ನಾವು ನಮ್ಮ ಮಾತನ್ನೂ ಅಳೆದು ಆಡಬೇಕು. ದೂರು ಬರೆಯುವಾಗ "ಬೀಜವೆಲ್ಲಾ ಹಾಳು, ಒಂದೂ ಮೊಳೆಯಲಿಲ್ಲ" ಎಂದು ಬರೆದರೆ, ನೋಡಲು ಬಂದ ಅಧಿಕಾರಿಗೆ ಹೊಲದಲ್ಲಿ ಹತ್ತು ಗಿಡ ಕಂಡೊಡನೆ ನಿಮ್ಮ ಇಡೀ ದೂರಿನ ತೂಕ ಇಳಿಯುತ್ತದೆ. ನಾಲ್ಕು ಬಗೆಯನ್ನು ಬೇರೆ ಬೇರೆ ಮಾಡಿ ಬರೆಯಿರಿ.

ಕಣ್ಣಾರೆ ಕಂಡದ್ದು: "ಆರನೆಯ ದಿನ ಹೊಲಕ್ಕೆ ಹೋಗಿ ನೋಡಿದೆನು." ಇಂಗ್ಲಿಷಿನಲ್ಲಿ ಇದು "ಐ ಹ್ಯಾವ್ ಸೀನ್".
ಎಣಿಸಿದ್ದು, ಅಳೆದದ್ದು: "100 ಕಾಳಿನಲ್ಲಿ 38 ಮೊಳೆತವು." ಇದು "ಕೌಂಟೆಡ್".
ಅಂದಾಜು: "ಸುಮಾರು ಒಂದೂವರೆ ಎಕರೆ." ಇದು "ಅಪ್ರಾಕ್ಸಿಮೇಟ್ಲಿ".
ಕೇಳಿದ್ದು: "ನೆರೆಯವರ ಹೊಲದಲ್ಲೂ ಹೀಗೇ ಆಗಿದೆಯಂತೆ." ಇದು "ರಿಪೋರ್ಟೆಡ್ಲಿ".

ಸಹಿ ಮಾಡುವ ಅರ್ಜಿಗಳ ಕೊನೆಯಲ್ಲಿ "ಟು ದಿ ಬೆಸ್ಟ್ ಆಫ್ ಮೈ ನಾಲೆಡ್ಜ್" ಎಂದಿರುತ್ತದೆ. "ನನಗೆ ತಿಳಿದ ಮಟ್ಟಿಗೆ ಇದು ನಿಜ" ಎಂದು ಅದರ ಅರ್ಥ. ತಿಳಿದೂ ತಪ್ಪು ಬರೆದರೆ ಆ ಮಾತು ನಿಮ್ಮನ್ನು ಕಾಯುವುದಿಲ್ಲ. ಓದಿಸಿ ಕೇಳಿದ ಮೇಲೆಯೇ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿರಿ.

ನೆನಪಿಡಬೇಕಾದ ನಾಲ್ಕು ಪ್ರಶ್ನೆಗಳು

ಯಾವುದೇ ಭರವಸೆಯ ಮಾತು ಬಂದಾಗ ಇವನ್ನು ಕೇಳಿರಿ:

1. ಎಷ್ಟಾಣೆ? (ಅಳತೆ ಏನು?)
2. ಯಾರ ಮಾತು? (ಮಾರುವವರದೋ, ಮೂರನೆಯವರದೋ?)
3. ಎಲ್ಲಿಗೆ, ಎಲ್ಲಿಯವರೆಗೆ? (ಯಾವ ಜಾಗಕ್ಕೆ, ಯಾವ ದಿನದವರೆಗೆ?)
4. ಸುಳ್ಳಾದರೆ ನನಗೆ ಹೋಗುವುದೆಷ್ಟು?

ಈ ವರ್ಷ ಮುಂಗಾರಿನಲ್ಲಿ ಅದೇ ಯಜಮಾನರು ನನ್ನನ್ನು ಮತ್ತೆ ಕೇಳಿದರು. ಹೊಲದಲ್ಲಿ ಮತ್ತೆ ಅರೆಹಸಿ. ಈ ಸಲ ವರದಿಯನ್ನು ಪೂರ್ತಿ ಓದಿದೆ. "ಎಂಟಾಣೆಗೆ ಮೇಲೆ ಇದೆ ಯಜಮಾನರೇ. ಆದರೆ ಅಲ್ಲೊಂದು ಇಲ್ಲೊಂದು ಕಡೆ ಮಾತ್ರ" ಎಂದೆ. "ಹಾಗಾದರೆ ಕೂರಿಗೆ ಮೂಲೆಯಲ್ಲೇ ಇರಲಿ" ಎಂದರು. ಅಂದು ರಾತ್ರಿ ಮಳೆ ನಮ್ಮ ಊರಿಗೇ ಬಿದ್ದಿತು! ಬೆಳಿಗ್ಗೆ ನಾನು ಸಂಕೋಚದಿಂದಲೇ ಅವರ ಹೊಲಕ್ಕೆ ಹೋದೆ. ಅವರು ಗುದ್ದಲಿಯಿಂದ ಒಂದು ಗೇಣು ಅಗೆದು ಹಸಿಯನ್ನು ನೋಡುತ್ತಿದ್ದರು. "ನೆನ್ನೆ ಬಿತ್ತಿದ್ದರೆ ಅದೃಷ್ಟದ ಬಿತ್ತನೆ. ನೆಲ ಬಿತ್ತುವ ಹದಕ್ಕೆ ಬಂದಮೇಲೆ ಬಿತ್ತಿದರೆ ಲೆಕ್ಕದ ಬಿತ್ತನೆ" ಎಂದು ನಕ್ಕರು. ಕಾದದ್ದರಿಂದ ಅವರಿಗೆ ಹೋದದ್ದು ಎರಡೇ ದಿನ.

ಸಂಜೆಯ ಕೂಟದಲ್ಲಿ ಮಾಡಲು ಅಭ್ಯಾಸ

ಒಬ್ಬರು ಓದಿರಿ, ಉಳಿದವರು ಉತ್ತರ ಹೇಳಿರಿ.

1. ವರದಿ: "ರೇನ್ ಲೈಕ್ಲಿ ಅಟ್ ಎ ಫ್ಯೂ ಪ್ಲೇಸಸ್." ಕಣದಲ್ಲಿ ರಾಗಿ ಇದೆ. ಹೊದಿಸಬೇಕೆ?
2. ಒಂದು ಚೀಲಕ್ಕೆ ಹಸಿರು ಚೀಟಿ ಮಾತ್ರ, ಇನ್ನೊಂದಕ್ಕೆ ಹಸಿರಿನ ಜೊತೆ ನೀಲಿ. ಭೇದವೇನು?
3. ಪ್ರಮಾಣಿತ ಕಡಲೆಕಾಯಿ ಬೀಜದ 100 ಕಾಳಿನಲ್ಲಿ 48 ಮೊಳೆತವು. ಏನು ಮಾಡಬೇಕು?
4. "ಅಪ್ ಟು 20 ಕ್ವಿಂಟಲ್ಸ್" ಎಂಬುದು ನೆಲವೋ, ಸೂರೋ?

ಉತ್ತರಗಳು: (1) ಹೊದಿಸಬೇಕು. ಹೋಗುವುದು ಅರ್ಧ ಗಂಟೆ, ಉಳಿಯುವುದು ವರ್ಷದ ರಾಗಿ. (2) ನೀಲಿ ಚೀಟಿ ಇರುವುದಕ್ಕೆ ಮೂರನೆಯವರ ಸಾಕ್ಷಿ ಇದೆ. ಹಸಿರು ಮಾತ್ರ ಇರುವುದು ಉತ್ಪಾದಕರೊಬ್ಬರ ಮಾತು. (3) 70 ಇರಬೇಕಾಗಿತ್ತು. ಬಿತ್ತದೆ ಚೀಲ, ಚೀಟಿ, ರಸೀದಿ ಸಹಿತ ರೈತ ಸಂಪರ್ಕ ಕೇಂದ್ರದಲ್ಲಿ ತೋರಿಸಬೇಕು. (4) ಸೂರು.

ತಮ್ಮ ಮನೆಯಲ್ಲಿರುವ ಬೀಜ, ಗೊಬ್ಬರದ ಚೀಲಗಳ ಚೀಟಿಗಳನ್ನು ಮುಂದಿನ ಕೂಟಕ್ಕೆ ತನ್ನಿರಿ. ಕೂಡಿ ಓದೋಣ.

– ತಮ್ಮ ಗ್ರಾಮಸೇವಕ